ಅಂಕಿತ ಮತ್ತು ಆಯುಧ: ಆರಂಭಕಾಲದ ಅರೆಸ್ವಯಂಚಾಲಿತ ಪಿಸ್ತೂಲುಗಳ ಚರಿತ್ರೆಯನ್ನು ಕುರಿತು

1. ಪ್ರವೇಶ

ಜಾನಪದ ಅಧ್ಯಯನವೆಂದರೆ ಹಾಡು, ಕಥೆ, ಗಾದೆ, ಒಗಟುಗಳ ಸಂಗ್ರಹ ಮತ್ತು ವಿಶ್ಲೇಷಣೆ ಎಂಬ ತಿಳಿವಳಿಕೆ ನಮ್ಮಲ್ಲಿ ಬಹುಕಾಲ ಇತ್ತು. ವಸ್ತು ಸಂಸ್ಕೃತಿಯ ಅಧ್ಯಯನ ಬೆಳೆದಂತೆ ನೇಗಿಲು, ಮಗ್ಗ, ಬೀಸುವ ಕಲ್ಲು, ಕಮ್ಮಾರನ ಕುಲುಮೆಗಳೂ ಆ ವ್ಯಾಪ್ತಿಗೆ ಬಂದವು. ಆದರೆ ಕಾರ್ಖಾನೆಯಲ್ಲಿ ತಯಾರಾದ ವಸ್ತುಗಳನ್ನು ನಾವು ಇಂದಿಗೂ ತಂತ್ರಜ್ಞಾನದ ಚರಿತ್ರೆಕಾರರಿಗೆ ಬಿಟ್ಟುಕೊಟ್ಟಿದ್ದೇವೆ. ಕಾರ್ಖಾನೆಯ ವಸ್ತುವಿಗೂ ಕಟ್ಟಿದ ಕೈಗಳಿವೆ, ಅದರ ಸುತ್ತ ಬೆಳೆದ ಐತಿಹ್ಯಗಳಿವೆ, ಜನ ಕೊಟ್ಟ ಅಡ್ಡಹೆಸರುಗಳಿವೆ. ಹೀಗಿರುವಾಗ ಅದು ನಮ್ಮ ಅಧ್ಯಯನದಿಂದ ಹೊರಗುಳಿಯಲು ಕಾರಣವಿಲ್ಲ.

ಪ್ರಸ್ತುತ ಲೇಖನವು 1890ರಿಂದ 1914ರವರೆಗಿನ ಅವಧಿಯಲ್ಲಿ ಯುರೋಪು ಮತ್ತು ಅಮೆರಿಕಗಳಲ್ಲಿ ರೂಪುಗೊಂಡ ಅರೆಸ್ವಯಂಚಾಲಿತ ಪಿಸ್ತೂಲನ್ನು ಈ ದೃಷ್ಟಿಯಿಂದ ಪರಿಶೀಲಿಸುತ್ತದೆ. ಈ ಆಯುಧದ ಚರಿತ್ರೆಯನ್ನು ಸಾಮಾನ್ಯವಾಗಿ ಮೌಸರ್, ಲೂಗರ್, ಬ್ರೌನಿಂಗ್ ಎಂಬ ಮೂರು ಹೆಸರುಗಳ ಮೂಲಕ ಹೇಳಲಾಗುತ್ತದೆ. ವಚನ ಮತ್ತು ಕೀರ್ತನೆಗಳಲ್ಲಿ ಅಂಕಿತವು ರಚನೆಯನ್ನು ಒಬ್ಬ ಕರ್ತೃವಿಗೆ ಸೇರಿಸುತ್ತದೆ. ಜನಪದ ಗೀತೆಗೆ ಸಾಮಾನ್ಯವಾಗಿ ಅಂಕಿತವಿರುವುದಿಲ್ಲ. ಕೈಗಾರಿಕಾ ಯುಗದಲ್ಲಿ ಪೇಟೆಂಟ್ ಎಂಬುದು ವಸ್ತುವಿನ ಮೇಲೆ ಕಾನೂನು ಒತ್ತಿದ ಅಂಕಿತವಾಯಿತು. ಈ ಅಂಕಿತದ ಹಿಂದೆ ಯಾರು ಮರೆಯಾದರು ಎಂಬುದು ಇಲ್ಲಿನ ಮೊದಲ ಪ್ರಶ್ನೆ. ಆಯುಧದ ನಳಿಗೆಯ ಮುಂದೆ ನಿಂತವರಲ್ಲಿ ಯಾರ ಹೆಸರು ಉಳಿಯಿತು, ಯಾರದು ಉಳಿಯಲಿಲ್ಲ ಎಂಬುದು ಎರಡನೆಯದು.

2. ಮದ್ದು, ತೋಟಾ ಮತ್ತು ಒದೆತ

ಅರೆಸ್ವಯಂಚಾಲಿತ ಪಿಸ್ತೂಲು ಎಂದರೆ ಏನೆಂಬುದನ್ನು ಮೊದಲು ಸ್ಪಷ್ಟಪಡಿಸಿಕೊಳ್ಳಬೇಕು. ರಿವಾಲ್ವರಿನಲ್ಲಿ ಗುಂಡುಗಳು ತಿರುಗುವ ಒಂದು ಉರುಳೆಯಲ್ಲಿರುತ್ತವೆ. ಆ ಉರುಳೆಯನ್ನು ತಿರುಗಿಸುವುದು ಹಾರಿಸುವವನ ಬೆರಳಿನ ಬಲ. ಅರೆಸ್ವಯಂಚಾಲಿತ ಪಿಸ್ತೂಲಿನಲ್ಲಿ ಹಾರಿದ ಗುಂಡಿನ ಶಕ್ತಿಯೇ ಖಾಲಿ ತೋಟಾವನ್ನು ಹೊರಗೆಸೆದು, ಮ್ಯಾಗಜಿನ್‌ನಿಂದ ಹೊಸ ತೋಟಾವನ್ನು ನಳಿಗೆಗೆ ಸೇರಿಸಿ, ಆಯುಧವನ್ನು ಮುಂದಿನ ಗುಂಡಿಗೆ ಸಿದ್ಧಗೊಳಿಸುತ್ತದೆ. ಆದರೆ ಪ್ರತಿ ಗುಂಡಿಗೂ ಟ್ರಿಗರನ್ನು ಮತ್ತೊಮ್ಮೆ ಎಳೆಯಲೇಬೇಕು. ‘ಅರೆ’ ಎಂಬ ವಿಶೇಷಣ ಬಂದಿರುವುದು ಈ ಕಾರಣದಿಂದ.

ಕೋವಿ ಹಾರಿಸಿದವರಿಗೆಲ್ಲ ಅದು ಒದೆಯುತ್ತದೆಂಬುದು ಗೊತ್ತು. ಶತಮಾನಗಳ ಕಾಲ ಈ ಒದೆತವನ್ನು ಹೆಗಲು ಸಹಿಸಬೇಕಾದ ತೊಂದರೆಯೆಂದೇ ಭಾವಿಸಲಾಗಿತ್ತು. ಅದನ್ನು ದುಡಿಸಿಕೊಳ್ಳಬಹುದೆಂಬುದನ್ನು ಕಾರ್ಯತಃ ತೋರಿಸಿದವನು ಅಮೆರಿಕದಲ್ಲಿ ಹುಟ್ಟಿ ಲಂಡನ್ನಿನಲ್ಲಿ ನೆಲೆಸಿದ ಹೈರಮ್ ಮ್ಯಾಕ್ಸಿಮ್. ಅವನ ಮೆಷಿನ್ ಗನ್ 1884ರ ಹೊತ್ತಿಗೆ ಸಿದ್ಧವಾಯಿತು. ರೈಫಲ್ಲಿನ ಒದೆತದಿಂದ ಹೆಗಲು ಕಂದಿದಾಗ ಅವನಿಗೆ ಈ ಆಲೋಚನೆ ಹೊಳೆಯಿತೆಂಬ ಕಥೆ ಪ್ರಚಲಿತವಾಗಿದೆ. ಬ್ರೌನಿಂಗ್ ಕುರಿತೂ ಇಂಥದೇ ಕಥೆಯಿದೆ: ಹಾರಿದ ಗುಂಡಿನ ಹಿಂದೆ ನುಗ್ಗಿದ ಗಾಳಿಗೆ ಜೌಗಿನ ಹುಲ್ಲು ಬಾಗಿದ್ದನ್ನು ಕಂಡು, ಆ ಅನಿಲದ ಬಲದಿಂದಲೇ ಕೋವಿಯನ್ನು ನಡೆಸುವ ಯೋಚನೆ ಅವನಿಗೆ ಬಂದಿತಂತೆ. ದಿನನಿತ್ಯದ ಕ್ಷುಲ್ಲಕ ಘಟನೆಯೊಂದು ಪ್ರತಿಭಾವಂತನಿಗೆ ರಹಸ್ಯವನ್ನು ಬಿಟ್ಟುಕೊಡುವ ಈ ಆಶಯ ನ್ಯೂಟನ್ನನ ಸೇಬಿನಷ್ಟೇ ಪರಿಚಿತವಾದುದು. ಇಂಥ ಕಥೆಗಳು ಸುಳ್ಳಿರಲೇಬೇಕೆಂದಿಲ್ಲ. ಆದರೆ ದೀರ್ಘಕಾಲದ, ಹಲವರ ಶ್ರಮವನ್ನು ಅವು ಒಬ್ಬನ ಒಂದು ಕ್ಷಣಕ್ಕೆ ಇಳಿಸಿಬಿಡುತ್ತವೆ.

ವಸ್ತುಸ್ಥಿತಿಯಲ್ಲಿ ಪಿಸ್ತೂಲು ಸಾಧ್ಯವಾದುದು ರಸಾಯನಶಾಸ್ತ್ರದಿಂದ. ಹಳೆಯ ಕಪ್ಪು ಮದ್ದು ಉರಿದಾಗ ದಟ್ಟ ಹೊಗೆಯ ಜೊತೆಗೆ ಕಿಟ್ಟವನ್ನೂ ಬಿಡುತ್ತಿತ್ತು. ಸೂಕ್ಷ್ಮವಾಗಿ ಜಾರಬೇಕಾದ ಭಾಗಗಳು ಕೆಲವು ಗುಂಡುಗಳಲ್ಲೇ ಕಟ್ಟಿಕೊಳ್ಳುತ್ತಿದ್ದವು. 1884ರಲ್ಲಿ ಫ್ರಾನ್ಸಿನ ಪಾಲ್ ವಿಯೆಲ್ ಸಿದ್ಧಪಡಿಸಿದ ಹೊಗೆರಹಿತ ಮದ್ದು ಈ ಅಡ್ಡಿಯನ್ನು ನಿವಾರಿಸಿತು. ಇದೇ ದಶಕದಲ್ಲಿ ಸೀಸದ ಗುಂಡಿಗೆ ಗಟ್ಟಿ ಲೋಹದ ಹೊದಿಕೆ ತೊಡಿಸುವ ಪದ್ಧತಿಯೂ ಬಂದಿತು. ಮೆತ್ತಗಿನ ಸೀಸದ ಮೂತಿಯಂತೆ ಹೊದಿಕೆಯ ಗುಂಡು ಮ್ಯಾಗಜಿನ್‌ನಿಂದ ನಳಿಗೆಗೆ ಏರುವಾಗ ಜಜ್ಜಿಹೋಗುತ್ತಿರಲಿಲ್ಲ. ಹೀಗೆ ಮದ್ದು, ತೋಟಾ, ಒದೆತ ಈ ಮೂರೂ ಕೂಡಿದ ಮೇಲೆ ಪಿಸ್ತೂಲು ಒಂದೇ ಊರಿನಲ್ಲಿ ಹುಟ್ಟಬೇಕಾಗಿರಲಿಲ್ಲ. 1890ರ ದಶಕದ ಆರಂಭದಲ್ಲಿ ಆಸ್ಟ್ರಿಯಾ, ಬೊಹಿಮಿಯಾ, ಜರ್ಮನಿಗಳ ಹಲವು ಕಾರ್ಯಾಗಾರಗಳಲ್ಲಿ ಏಕಕಾಲಕ್ಕೆ ಪ್ರಯೋಗಗಳು ನಡೆದವು. ಲೌಮನ್, ಮಾನ್‌ಲಿಶರ್, ಬರ್ಗ್‌ಮನ್ ಮೊದಲಾದವರ ಮಾದರಿಗಳು ಈ ಕಾಲದವು. ಇವುಗಳಲ್ಲಿ ‘ಮೊದಲನೆಯದು’ ಯಾವುದೆಂಬ ವಿವಾದವು ಜನಪದ ಕಥೆಯೊಂದರ ಮೂಲಪಾಠವನ್ನು ಹುಡುಕುವ ಪ್ರಯತ್ನದಂತೆಯೇ ಫಲಕೊಡದಂಥದು. ಬರ್ಗ್‌ಮನ್ ಉದ್ಯಮಿ, ಅವನ ಹೆಸರಿನ ಪಿಸ್ತೂಲುಗಳನ್ನು ರೂಪಿಸಿದವನು ಲೂಯಿ ಶ್ಮೈಸರ್ ಎಂಬುದನ್ನು ಇಲ್ಲಿಯೇ ಗಮನಿಸಬೇಕು.

3. ಬೋರ್ಖಾರ್ಟ್‌ನಿಂದ ಲೂಗರ್‌ವರೆಗೆ

ವ್ಯಾಪಾರದ ದೃಷ್ಟಿಯಿಂದ ನೆಲೆಯೂರಿದ ಮೊದಲ ಅರೆಸ್ವಯಂಚಾಲಿತ ಪಿಸ್ತೂಲು ಎಂದು ಹ್ಯೂಗೋ ಬೋರ್ಖಾರ್ಟ್‌ನ 1893ರ ಮಾದರಿಯನ್ನು ಗುರುತಿಸಲಾಗುತ್ತದೆ. 1844ರಲ್ಲಿ ಜರ್ಮನಿಯ ಮಾಗ್ಡೆಬರ್ಗ್‌ನಲ್ಲಿ ಹುಟ್ಟಿದ ಬೋರ್ಖಾರ್ಟ್ ಹರೆಯದಲ್ಲೇ ಅಮೆರಿಕಕ್ಕೆ ಹೋಗಿ, ಅಲ್ಲಿನ ಶಾರ್ಪ್ಸ್, ವಿಂಚೆಸ್ಟರ್ ಮುಂತಾದ ಕೋವಿ ಕಾರ್ಖಾನೆಗಳಲ್ಲಿ ಪಳಗಿ, ಮುಂದೆ ಬುಡಾಪೆಸ್ಟ್‌ನ ಶಸ್ತ್ರ ಕಾರ್ಖಾನೆಯಲ್ಲಿ ದುಡಿದು, ಕೊನೆಗೆ ಬರ್ಲಿನ್ನಿನ ಲುಡ್ವಿಗ್ ಲೋವೆ ಕಂಪನಿಯನ್ನು ಸೇರಿದನು. ಅವನ ಪಿಸ್ತೂಲು ಈ ಅಲೆದಾಟದ ಫಲ. ನಳಿಗೆಯ ಹಿಂಭಾಗವನ್ನು ಮುಚ್ಚಿ ಹಿಡಿಯುವ ಬೀಗವನ್ನು ಅವನು ಮಂಡಿಕೀಲಿನಂತೆ ಮಾಡಿದನು. ಕಾಲು ನೇರವಾಗಿರುವಾಗ ಮಂಡಿ ಭಾರವನ್ನು ತಡೆಯುತ್ತದೆ. ಒಮ್ಮೆ ಮಡಿಚಿತೆಂದರೆ ಸುಲಭವಾಗಿ ಬಾಗುತ್ತದೆ. ಗುಂಡು ಹಾರುವಾಗ ನೇರವಾಗಿದ್ದ ಕೀಲು, ನಳಿಗೆ ಸ್ವಲ್ಪ ಹಿಂದೆ ಸರಿದ ಮೇಲೆ ಮೇಲಕ್ಕೆ ಮಡಿಚಿಕೊಂಡು ಖಾಲಿ ತೋಟಾವನ್ನು ಹೊರಗೆಸೆಯುತ್ತಿತ್ತು. ಮ್ಯಾಕ್ಸಿಮ್‌ನ ಮೆಷಿನ್ ಗನ್‌ನಲ್ಲಿಯೂ ಇದ್ದುದು ಮಂಡಿಕೀಲಿನ ತತ್ವವೇ. 8 ಗುಂಡುಗಳ ಮ್ಯಾಗಜಿನನ್ನು ಹಿಡಿಯ ಒಳಗೇ ಇರಿಸಿದುದು ಬೋರ್ಖಾರ್ಟ್‌ನ ಪಿಸ್ತೂಲಿನ ದೊಡ್ಡ ಕೊಡುಗೆ. ಇಂದಿನ ಬಹುಪಾಲು ಪಿಸ್ತೂಲುಗಳು ಅದನ್ನೇ ಅನುಸರಿಸುತ್ತವೆ.

ಆದರೆ ಈ ಪಿಸ್ತೂಲು ಒಂದು ಕಿಲೋಗ್ರಾಂ ಮೀರಿದ ತೂಕದ್ದಾಗಿತ್ತು. ಹಿಡಿಯ ಹಿಂದೆ ಸ್ಪ್ರಿಂಗಿನ ದೊಡ್ಡ ಗೂಡು ಚಾಚಿಕೊಂಡು ಒಂದೇ ಕೈಯಲ್ಲಿ ಹಿಡಿಯಲು ಅಡ್ಡಿಯಾಗುತ್ತಿತ್ತು. ತಯಾರಾದವು ಸುಮಾರು 3,000 ಮಾತ್ರ. ಅದೇ ಕಂಪನಿಯಲ್ಲಿದ್ದ, ಟಿರೋಲ್ ಪ್ರಾಂತ್ಯದಲ್ಲಿ ಹುಟ್ಟಿದ ಗೇಯೋರ್ಗ್ ಲೂಗರ್ (1849-1923) ಇದನ್ನು ತಿದ್ದಿ, ಸ್ಪ್ರಿಂಗನ್ನು ಹಿಡಿಯೊಳಕ್ಕೆ ಸೇರಿಸಿ, ಹಿಡಿಯನ್ನು ಕೈಗೆ ಒಗ್ಗುವಂತೆ ಓರೆಗೊಳಿಸಿದನು. 1900ರಲ್ಲಿ ಸ್ವಿಟ್ಜರ್ಲೆಂಡ್, 1904ರಲ್ಲಿ ಜರ್ಮನಿಯ ನೌಕಾಪಡೆ, 1908ರಲ್ಲಿ ಜರ್ಮನಿಯ ಭೂಸೇನೆ ಇದನ್ನು ಸ್ವೀಕರಿಸಿದವು. ಇದಕ್ಕಾಗಿ ರೂಪುಗೊಂಡ 9 ಮಿಲಿಮೀಟರ್ ತೋಟಾ ಇಂದಿಗೂ ಜಗತ್ತಿನಾದ್ಯಂತ ಬಳಕೆಯಲ್ಲಿದೆ.

ಹೆಸರಿನ ಪ್ರಶ್ನೆ ಇಲ್ಲಿ ಕುತೂಹಲಕರವಾಗಿದೆ. ಕಂಪನಿ ಇದನ್ನು ‘ಪ್ಯಾರಾಬೆಲ್ಲಮ್’ ಎಂದು ಮಾರಿತು. ಶಾಂತಿ ಬೇಕಾದರೆ ಯುದ್ಧಕ್ಕೆ ಸಿದ್ಧನಾಗು ಎಂಬ ಲ್ಯಾಟಿನ್ ನುಡಿಯ ಕೊನೆಯ ಪದಗಳವು. ಜರ್ಮನ್ ಸೈನಿಕರಿಗೆ ಅದು ‘08’. ‘ಲೂಗರ್’ ಎಂಬುದು ಮುಖ್ಯವಾಗಿ ಅಮೆರಿಕದ ಮಾರುಕಟ್ಟೆಯಲ್ಲಿ ನೆಲೆಗೊಂಡ ಹೆಸರು. ಮೂಲರಚನೆ ಮಾಡಿದ ಬೋರ್ಖಾರ್ಟ್‌ನ ಹೆಸರು ಇವುಗಳಲ್ಲಿ ಯಾವುದರಲ್ಲಿಯೂ ಇಲ್ಲ.

4. ಓಬರ್ನ್‌ಡಾರ್ಫ್‌ನ ಸಹೋದರರು

ಮರೆಯಾದ ಕರ್ತೃತ್ವಕ್ಕೆ ಇನ್ನೂ ಸ್ಪಷ್ಟವಾದ ನಿದರ್ಶನ ನೆಕಾರ್ ನದಿಯ ದಂಡೆಯ ಓಬರ್ನ್‌ಡಾರ್ಫ್‌ನ ಮೌಸರ್ ಕಾರ್ಖಾನೆಯಲ್ಲಿ ದೊರೆಯುತ್ತದೆ. ಅಲ್ಲಿನ ಪ್ರಯೋಗಶಾಲೆಯ ಮೇಲ್ವಿಚಾರಕನಾಗಿದ್ದ ಫಿಡೆಲ್ ಫೀಡೆರ್ಲೆ ಮತ್ತು ಅವನ ಸಹೋದರರಾದ ಫ್ರೀಡ್ರಿಶ್ ಹಾಗೂ ಯೋಸೆಫ್ 1890ರ ದಶಕದ ಮಧ್ಯಭಾಗದಲ್ಲಿ ಒಂದು ಪಿಸ್ತೂಲನ್ನು ರೂಪಿಸಿದರು. ಮಾಲೀಕ ಪೀಟರ್ ಪಾಲ್ ಮೌಸರ್‌ಗೆ ಮೊದಲು ಇದರಲ್ಲಿ ಒಲವಿರಲಿಲ್ಲವೆಂದೂ, ಸಹೋದರರು ಬಿಡುವಿನ ವೇಳೆಯಲ್ಲಿ ಇದನ್ನು ಮಾಡಿದರೆಂದೂ ಹೇಳಿಕೆಯಿದೆ. 1895ರಲ್ಲಿ ಪೇಟೆಂಟ್ ನೋಂದಣಿಯಾದುದು ಮೌಸರ್ ಹೆಸರಿನಲ್ಲಿ. 1896ರಲ್ಲಿ ಆರಂಭವಾದ ತಯಾರಿಕೆ 1937ರವರೆಗೆ ನಡೆದು, ಸುಮಾರು 10 ಲಕ್ಷ ಪಿಸ್ತೂಲುಗಳು ಹೊರಬಂದವು.

ಈ ಪಿಸ್ತೂಲಿನಲ್ಲಿ ಕುಶಲಕರ್ಮಿಯ ಕೈ ಕಾಣುತ್ತದೆ. ಹಿಡಿಯ ಎರಡು ಮರದ ಹಲಗೆಗಳನ್ನು ಬಿಗಿಯುವ ತಿರುಪನ್ನು ಬಿಟ್ಟರೆ ಇದರ ಯಂತ್ರಭಾಗದಲ್ಲಿ ತಿರುಪುಗಳೇ ಇಲ್ಲ. ಬಿಡಿಭಾಗಗಳು ಒಂದರೊಳಗೊಂದು ಕೂತು, ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಮೊಳೆಯಿಲ್ಲದೆ ಕಚ್ಚು ಕೂರಿಸಿ ತೊಲೆ ಜೋಡಿಸುವ ಬಡಗಿಯ ಕೆಲಸವನ್ನು ಇದು ನೆನಪಿಗೆ ತರುತ್ತದೆ. ಪೇಟೆಂಟ್ ಪತ್ರವು ಇದು ಯಾರ ಸ್ವತ್ತೆಂದು ಹೇಳುತ್ತದೆ. ವಸ್ತು ತನ್ನನ್ನು ಮಾಡಿದವರು ಎಂಥವರೆಂದು ಹೇಳುತ್ತದೆ. ಇವೆರಡೂ ಬೇರೆಬೇರೆ ಸಾಕ್ಷ್ಯಗಳು.

5. ಬ್ರೌನಿಂಗ್ ಮತ್ತು ಹರ್ಸ್ಟಾಲ್

ಮೂರನೆಯ ಹೆಸರು ಜಾನ್ ಮೋಸೆಸ್ ಬ್ರೌನಿಂಗ್ (1855-1926). ಅಮೆರಿಕದ ಯೂಟಾ ಪ್ರಾಂತ್ಯದ ಆಗ್ಡೆನ್‌ನಲ್ಲಿ ಕೋವಿ ಕೆಲಸಗಾರನ ಮಗನಾಗಿ ಹುಟ್ಟಿದ ಇವನ ವಿಷಯದಲ್ಲಿ ಕರ್ತೃತ್ವದ ವಿವಾದವಿಲ್ಲ. ಆದರೂ ತಂದೆಯ ಕಾರ್ಯಾಗಾರ ಮತ್ತು ಸಹೋದರರ ನೆರವಿಲ್ಲದೆ ಅವನ ಕೆಲಸ ನಡೆಯುತ್ತಿರಲಿಲ್ಲ. 1897ರ ಏಪ್ರಿಲ್‌ನಲ್ಲಿ ಅವನಿಗೆ ದೊರೆತ ಪಿಸ್ತೂಲಿನ ಪೇಟೆಂಟ್‌ಗಳು ಈ ಆಯುಧದ ಸ್ವರೂಪವನ್ನೇ ನಿರ್ಣಯಿಸಿದವು. ಹಿಂಬದಿಯ ಬೀಗವನ್ನೂ ನಳಿಗೆಯ ಮೇಲಿನ ಹೊದಿಕೆಯನ್ನೂ ಒಂದೇ ಭಾಗವಾಗಿಸಿ, ಅದು ಚೌಕಟ್ಟಿನ ಮೇಲೆ ಹಿಂದೆ ಮುಂದೆ ಜಾರುವಂತೆ ಅವನು ಮಾಡಿದನು. ಇದೇ ಇಂದು ‘ಸ್ಲೈಡ್’ ಎಂದು ಕರೆಯಲ್ಪಡುವ ಭಾಗ. ಮಂಡಿಕೀಲಿನ ಜಾಣ್ಮೆಗಿಂತ ಇದು ಸರಳ, ಅಗ್ಗ ಮತ್ತು ಧೂಳಿಗೆ ಅಂಜದಂಥದು.

ಈ ರಚನೆಯನ್ನು ಯುರೋಪಿನಲ್ಲಿ ತಯಾರಿಸಿದುದು ಬೆಲ್ಜಿಯಂನ ಲಿಯೆಜ್ ಬಳಿಯ ಹರ್ಸ್ಟಾಲ್‌ನ ಫ್ಯಾಬ್ರಿಕ್ ನಾಸಿಯೋನಾಲ್ ಕಂಪನಿ. 1889ರಲ್ಲಿ ಬೆಲ್ಜಿಯಂ ಸೇನೆಗೆ 1,50,000 ಮೌಸರ್ ರೈಫಲ್‌ಗಳನ್ನು ಒದಗಿಸಲೆಂದು ಹುಟ್ಟಿದ ಈ ಕಂಪನಿ, ಆ ಬೇಡಿಕೆ ಮುಗಿದ ಮೇಲೆ ಬೈಸಿಕಲ್ಲುಗಳನ್ನೂ ಮಾಡುತ್ತಿತ್ತು. ಲಿಯೆಜ್ ಪ್ರದೇಶದಲ್ಲಿ ಕೋವಿಯ ಒಂದೊಂದು ಭಾಗವನ್ನು ಒಂದೊಂದು ಮನೆಯಲ್ಲಿ ಮಾಡುವ ಹಳೆಯ ಪದ್ಧತಿಯಿತ್ತು. ತಲೆಮಾರುಗಳಿಂದ ಪಳಗಿದ ಈ ಕೈಗಳು ಕಾರ್ಖಾನೆಯ ಕೂಲಿಗೆ ಬಂದವು. 1900ರ ಮಾದರಿಯ ಬ್ರೌನಿಂಗ್ ಪಿಸ್ತೂಲುಗಳು ಒಂದು ದಶಕದಲ್ಲಿ ಸುಮಾರು 7 ಲಕ್ಷದಷ್ಟು ತಯಾರಾದವು. ಅಂಗಿಯ ಜೇಬಿನಲ್ಲಿ ಅಡಗುವ ಈ ಪಿಸ್ತೂಲಿನಿಂದಾಗಿ ಫ್ರೆಂಚ್ ಮತ್ತು ರಷ್ಯನ್ ಭಾಷೆಗಳಲ್ಲಿ ‘ಬ್ರೌನಿಂಗ್’ ಎಂಬ ಅಂಕಿತನಾಮ ರೂಢನಾಮವೇ ಆಗಿಹೋಯಿತು.

ಇಲ್ಲಿ ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಬರ್ಲಿನ್ನಿನ ಲೋವೆ ಕಂಪನಿ 1887ರಲ್ಲಿಯೇ ಮೌಸರ್ ಕಾರ್ಖಾನೆಯ ಒಡೆತನವನ್ನು ಪಡೆದಿತ್ತು. 1890ರ ದಶಕದಲ್ಲಿ ಹರ್ಸ್ಟಾಲ್ ಕಂಪನಿಯಲ್ಲಿಯೂ ಅದು ದೊಡ್ಡ ಪಾಲುದಾರನಾಯಿತು. ಬೋರ್ಖಾರ್ಟ್ ಮತ್ತು ಲೂಗರ್ ಅದರ ನೌಕರರೇ ಆಗಿದ್ದರು. ಹಾಗಾಗಿ ಮೂವರು ಮಹಾಪುರುಷರ ಪೈಪೋಟಿಯೆಂದು ನಿರೂಪಿತವಾಗುವ ಚರಿತ್ರೆಯ ಹಿಂದೆ ಯುರೋಪಿನಲ್ಲಿ ಇದ್ದುದು ಬಹುಮಟ್ಟಿಗೆ ಒಂದೇ ಬಂಡವಾಳದ ಜಾಲ. ವ್ಯಕ್ತಿಯ ಅಂಕಿತವು ಕುಶಲಕರ್ಮಿಯನ್ನಷ್ಟೇ ಅಲ್ಲ, ಬಂಡವಾಳವನ್ನೂ ಮರೆಮಾಡಿತು.

6. ಜನರಿಟ್ಟ ಹೆಸರುಗಳು

ಕಂಪನಿಯ ಹೆಸರು ವಸ್ತುವಿಗೆ ಅಂಟಿಕೊಂಡರೂ ಅದನ್ನು ಬಳಸಿದ ಜನ ತಮ್ಮದೇ ಹೆಸರುಗಳನ್ನು ಇಟ್ಟರು. ಮೌಸರ್ ಪಿಸ್ತೂಲಿನ ದುಂಡಗಿನ ಹಿಡಿಯನ್ನು ಕಂಡು ಇಂಗ್ಲಿಷರು ಅದನ್ನು ಪೊರಕೆಯ ಹಿಡಿ ಎಂದರು. ಅದನ್ನಿಡುವ ಮರದ ಒರೆಯೇ ಭುಜಕ್ಕಾನಿಸುವ ಹಿಡಿಯೂ ಆಗುತ್ತಿದ್ದುದರಿಂದ ಚೀನಾದಲ್ಲಿ ಅದು ‘ಪೆಟ್ಟಿಗೆ ಫಿರಂಗಿ’ಯಾಯಿತು. ತಾಯ್‌ಯುವಾನ್‌ನ ಶಸ್ತ್ರಾಗಾರದಲ್ಲಿ ಚೀನೀ ಕೆಲಸಗಾರರು ಅದನ್ನು ಇನ್ನೂ ದೊಡ್ಡ ಗುಂಡಿಗೆ ಹೊಂದಿಸಿ ನಕಲು ಮಾಡಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನಿಯು 9 ಮಿಲಿಮೀಟರ್ ತೋಟಾಕ್ಕೆ ಮಾಡಿಸಿದ ಮೌಸರ್‌ಗಳ ಹಿಡಿಯ ಮೇಲೆ ಗುರುತಿಗಾಗಿ ಕೆಂಪು ಬಣ್ಣದಲ್ಲಿ 9 ಎಂದು ಬರೆಯಲಾಗಿತ್ತು. ಅವು ‘ಕೆಂಪು ಒಂಬತ್ತು’ ಎನಿಸಿದವು. ಐರ್ಲೆಂಡಿನ ಹೋರಾಟಗಾರರು ಇದನ್ನು ‘ಪೀಟರ್ ದ ಪೇಂಟರ್’ ಎಂದು ಕರೆದರು. 1911ರ ಜನವರಿಯಲ್ಲಿ ಲಂಡನ್ನಿನ ಸಿಡ್ನಿ ಬೀದಿಯಲ್ಲಿ ನಡೆದ ಗುಂಡಿನ ಕಾಳಗದ ಹಿಂದೆ ಇದ್ದನೆನ್ನಲಾದ, ಪೊಲೀಸರಿಗೆ ಎಂದೂ ಸಿಗದ ವ್ಯಕ್ತಿಯೊಬ್ಬನ ಹೆಸರದು. ಸಿಕ್ಕದವನ ಹೆಸರನ್ನು ತಮ್ಮ ಆಯುಧಕ್ಕೆ ಇಡುವಲ್ಲಿ ಪ್ರಭುತ್ವವನ್ನು ಅಣಕಿಸುವ ಜನಪದದ ಮನೋಧರ್ಮವಿದೆ.

ಭಾರತದಲ್ಲಿಯೂ ಈ ಪಿಸ್ತೂಲುಗಳು ಪ್ರವೇಶಿಸಿದವು. 1914ರ ಆಗಸ್ಟ್ 26ರಂದು ಕಲ್ಕತ್ತೆಯಲ್ಲಿ ರೊಡ್ಡಾ ಕಂಪನಿಗೆ ಬಂದ 202 ಪೆಟ್ಟಿಗೆಗಳಲ್ಲಿ 10 ಪೆಟ್ಟಿಗೆಗಳು ಗೋದಾಮು ತಲುಪಲಿಲ್ಲ. ಕ್ರಾಂತಿಕಾರಿಗಳು ಅವನ್ನು ಎತ್ತಿನ ಗಾಡಿಯಲ್ಲಿ ಸಾಗಿಸಿದ್ದರು. ಅವುಗಳಲ್ಲಿ 50 ಮೌಸರ್ ಪಿಸ್ತೂಲುಗಳೂ 46,000 ಗುಂಡುಗಳೂ ಇದ್ದವು. 1915ರ ಸೆಪ್ಟೆಂಬರ್ 9ರಂದು ಬಾಲಸೋರ್ ಬಳಿ ನಾಲ್ವರು ಸಂಗಾತಿಗಳೊಡನೆ ಪೊಲೀಸರನ್ನು ಎದುರಿಸಿದ ಜತೀಂದ್ರನಾಥ ಮುಖರ್ಜಿಯ ಕೈಯಲ್ಲಿದ್ದುದೂ ಮೌಸರ್. ಆ ಕಾಳಗದಲ್ಲಿ ಗಾಯಗೊಂಡು ಮರುದಿನ ಮಡಿದ ಆತನು ಜನರ ಬಾಯಲ್ಲಿ ‘ಬಾಘಾ ಜತೀನ್’ ಆಗಿ ಉಳಿದಿದ್ದಾನೆ. ಅಲಹಾಬಾದ್ ವಸ್ತುಸಂಗ್ರಹಾಲಯದಲ್ಲಿರುವ ಚಂದ್ರಶೇಖರ ಆಜಾದರ ಪಿಸ್ತೂಲು ಬ್ರೌನಿಂಗ್ ರೂಪಿಸಿ ಕೋಲ್ಟ್ ಕಂಪನಿ ತಯಾರಿಸಿದ ಮಾದರಿಯದು. ಆದರೆ ಅದು ಜನಪ್ರಿಯವಾಗಿರುವುದು ‘ಬಮ್ತುಲ್ ಬುಖಾರಾ’ ಎಂಬ ಹೆಸರಿನಿಂದ. ಕಂಪನಿಯ ಅಂಕಿತವನ್ನು ಜನಸ್ಮೃತಿ ಅಳಿಸಿ ಮತ್ತೊಂದನ್ನು ಬರೆದಿರುವುದಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕಿಲ್ಲ.

7. ಮೋರೋ ಐತಿಹ್ಯ ಮತ್ತು 1911ರ ಪಿಸ್ತೂಲು

ಐತಿಹ್ಯಗಳೆಲ್ಲವೂ ನಿರಪಾಯಕಾರಿಯಲ್ಲ. 1911ರ ಮಾರ್ಚ್ 29ರಂದು ಅಮೆರಿಕದ ಸೇನೆ ಸ್ವೀಕರಿಸಿದ, ಬ್ರೌನಿಂಗ್ ರೂಪಿಸಿದ .45 ಇಂಚು ವ್ಯಾಸದ ಕೋಲ್ಟ್ ಪಿಸ್ತೂಲಿನ ಸುತ್ತ ಬೆಳೆದ ಕಥೆ ಇದಕ್ಕೆ ಸಾಕ್ಷಿ. ಫಿಲಿಪ್ಪೀನ್ಸ್‌ನ ಮೋರೋ ಯೋಧರು ಎಷ್ಟು ಗುಂಡು ತಗುಲಿದರೂ ಬೀಳದೆ ಕತ್ತಿ ಹಿರಿದು ನುಗ್ಗುತ್ತಿದ್ದರೆಂದೂ, ಅವರನ್ನು ತಡೆಯಲೆಂದೇ ಈ ಪಿಸ್ತೂಲು ಹುಟ್ಟಿತೆಂದೂ ಆ ಕಥೆ ಹೇಳುತ್ತದೆ.

ಇದರಲ್ಲಿ ಸತ್ಯಾಂಶವಿದೆ. ಸೇನೆಯ .38 ರಿವಾಲ್ವರುಗಳ ಬಗ್ಗೆ ದೂರುಗಳು ಬಂದಿದ್ದವು. 1904ರಲ್ಲಿ ಥಾಮ್ಸನ್ ಮತ್ತು ಲಾಗಾರ್ಡ್ ಎಂಬ ಇಬ್ಬರು ಅಧಿಕಾರಿಗಳು ಷಿಕಾಗೊ ಕಸಾಯಿಖಾನೆಯ ದನಗಳ ಮೇಲೆಯೂ ಮಾನವ ಶವಗಳ ಮೇಲೆಯೂ ಗುಂಡು ಹಾರಿಸಿ ನೋಡಿ, .45ಕ್ಕಿಂತ ಕಡಿಮೆ ವ್ಯಾಸ ಸಾಲದೆಂದು ವರದಿ ಮಾಡಿದರು. ಅನಂತರ ಹಲವು ವರ್ಷ ಪರೀಕ್ಷೆಗಳು ನಡೆದವು. 1911ರ ಮಾರ್ಚ್‌ನಲ್ಲಿ 6,000 ಗುಂಡುಗಳನ್ನು ಹಾರಿಸಿದ ಕೊನೆಯ ಪರೀಕ್ಷೆಯಲ್ಲಿ ಕೋಲ್ಟ್ ಒಮ್ಮೆಯೂ ಕೈಕೊಡಲಿಲ್ಲ. ಆದರೆ ಮೋರೋ ಪ್ರದೇಶದ ಪ್ರತಿರೋಧ 1913ರ ವೇಳೆಗೆ ಬಹುಮಟ್ಟಿಗೆ ಅಡಗಿತ್ತು. ಯಾವ ಯುದ್ಧಕ್ಕಾಗಿ ಹುಟ್ಟಿತೆನ್ನಲಾಗುತ್ತದೆಯೋ ಆ ಯುದ್ಧದ ಕೊನೆಯ ಹಂತದಲ್ಲಷ್ಟೇ ಪಿಸ್ತೂಲು ಬಂದಿತು.

ಈ ಐತಿಹ್ಯ ಹೇಳದೆ ಬಿಡುವ ಸಂಗತಿ ಇನ್ನೂ ಗಂಭೀರವಾದುದು. 1906ರ ಮಾರ್ಚ್‌ನಲ್ಲಿ ಜೋಲೋ ದ್ವೀಪದ ಬುಡ್ ದಾಜೋ ಬೆಟ್ಟದಲ್ಲಿ ಆಶ್ರಯ ಪಡೆದಿದ್ದ ನೂರಾರು ಮೋರೋ ಜನರನ್ನು, ಹೆಂಗಸರು ಮಕ್ಕಳು ಸಹಿತವಾಗಿ, ಅಮೆರಿಕದ ಪಡೆಗಳು ಕೊಂದವು. ಎಷ್ಟು ಹೊಡೆದರೂ ಸಾಯದ ಶತ್ರುವಿನ ಕಥೆಯಲ್ಲಿ ಸತ್ತ ಮಗುವಿಗೆ ಸ್ಥಳವಿಲ್ಲ. ಶತ್ರುವನ್ನು ಅಮಾನುಷ ಶಕ್ತಿಯವನೆಂದು ಚಿತ್ರಿಸುವುದು ರಾಕ್ಷಸ ಸಂಹಾರದ ಕಥೆಗಳಲ್ಲಿ ನಮಗೆ ಪರಿಚಿತವಾದ ಆಶಯ. ಕೊಲೆಯನ್ನು ಅನಿವಾರ್ಯವೆನಿಸುವುದು ಅದರ ಕೆಲಸ. ಇದೇ ಜನರ ಒಳಗಿನಿಂದ ನೋಡಿದರೆ ಬೇರೆ ಪಾಠವೊಂದು ದೊರೆಯುತ್ತದೆ. ಜೋಲೋ ಪ್ರದೇಶದ ತೌಸುಗ್ ಸಮುದಾಯದಲ್ಲಿ ‘ಪರಂಗ್ ಸಬಿಲ್’ ಎಂಬ ಕಥನಗೀತೆಗಳ ಪರಂಪರೆಯಿದೆ. ಪರಕೀಯರನ್ನು ಎದುರಿಸಿ ಮಡಿದವರನ್ನು ಅವು ಹೆಸರು ಹಿಡಿದು ನೆನೆಯುತ್ತವೆ. ಸೈನಿಕರ ಐತಿಹ್ಯದಲ್ಲಿ ಹೆಸರಿಲ್ಲದ ಮೈಯಾಗಿದ್ದವನು ಈ ಪರಂಪರೆಯಲ್ಲಿ ಒಂದು ಕುಲದ, ಒಂದು ಊರಿನ ಮನುಷ್ಯನಾಗುತ್ತಾನೆ.

8. ಸರಾಯೆವೊದ ಪಿಸ್ತೂಲು

1914ರ ಜೂನ್ 28ರಂದು ಸರಾಯೆವೊದಲ್ಲಿ ಗವ್ರಿಲೋ ಪ್ರಿನ್ಸಿಪ್ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನಾಂಡ್ ಮತ್ತು ಆತನ ಪತ್ನಿ ಸೋಫಿಯನ್ನು ಕೊಂದುದು ಬ್ರೌನಿಂಗ್‌ನ ಹರ್ಸ್ಟಾಲ್ ಪಿಸ್ತೂಲಿನಿಂದ. ಅದು 1900ರ ಮಾದರಿಯದೆಂದು ಅನೇಕ ಪುಸ್ತಕಗಳು ದಶಕಗಳ ಕಾಲ ಬರೆದವು. ವಾಸ್ತವದಲ್ಲಿ ಅದು 1910ರ ಮಾದರಿಯದು. ಸತ್ತವರಿಗೆ ಅಂತ್ಯವಿಧಿ ನಡೆಸಿದ ಜೆಸ್ಯೂಟ್ ಪಾದ್ರಿಯ ಮೂಲಕ ಆ ಪಿಸ್ತೂಲು ಆಸ್ಟ್ರಿಯಾದ ಜೆಸ್ಯೂಟರ ವಶದಲ್ಲಿ ಉಳಿದು, 2004ರಲ್ಲಿ ವಿಯೆನ್ನಾದ ಸೇನಾ ಚರಿತ್ರೆಯ ವಸ್ತುಸಂಗ್ರಹಾಲಯವನ್ನು ಸೇರಿತು. ತೊಂಬತ್ತು ವರ್ಷಗಳ ಕಾಲ ವಸ್ತು ಒಂದು ಕಡೆ, ಅದರ ಕಥೆ ಇನ್ನೊಂದು ಕಡೆ ಇದ್ದವು. ಜಗತ್ತಿನಲ್ಲಿ ಅತಿ ಹೆಚ್ಚು ಚರ್ಚೆಗೊಳಗಾದ ಪಿಸ್ತೂಲಿನ ಗತಿಯೇ ಹೀಗಾದರೆ, ಮಿಕ್ಕವುಗಳ ಬಗ್ಗೆ ನಾವು ಕೇಳಿದುದನ್ನೆಲ್ಲ ಚರಿತ್ರೆಯೆಂದು ಒಪ್ಪುವುದು ಸರಿಯಲ್ಲ. ಪ್ರಿನ್ಸಿಪ್, ಫರ್ಡಿನಾಂಡ್, ಬ್ರೌನಿಂಗ್ ಎಂಬ ಮೂರು ಹೆಸರುಗಳು ಈ ಪಿಸ್ತೂಲಿನೊಡನೆ ಉಳಿದಿವೆ. ಅದನ್ನು ಹರ್ಸ್ಟಾಲ್‌ನಲ್ಲಿ ಅರವಿಟ್ಟು ಉಜ್ಜಿ ಜೋಡಿಸಿದವರು ಯಾರೆಂಬುದನ್ನು ಯಾರೂ ಬರೆದಿಡಲಿಲ್ಲ. ಅದೇ ಆಗಸ್ಟ್‌ನಲ್ಲಿ ಜರ್ಮನ್ ಸೇನೆ ಲಿಯೆಜ್ ನಗರವನ್ನು ಮುತ್ತಿತು. ತಾವು ಕಟ್ಟಿದ ವಸ್ತುವಿನಿಂದ ಹೊತ್ತಿದ ಯುದ್ಧ ಮೊದಲು ಬಂದು ನಿಂತುದು ಆ ಕೆಲಸಗಾರರ ಮನೆಬಾಗಿಲಿಗೆ.

9. ಸಮಾರೋಪ

ಈವರೆಗಿನ ಚರ್ಚೆಯಿಂದ ಕೆಲವು ಸಂಗತಿಗಳು ಸ್ಪಷ್ಟವಾಗುತ್ತವೆ. ಅರೆಸ್ವಯಂಚಾಲಿತ ಪಿಸ್ತೂಲು ಒಬ್ಬ ವ್ಯಕ್ತಿಯ ಹೊಳಹಲ್ಲ; ಮದ್ದು, ಲೋಹ, ಒದೆತಗಳ ಬಗ್ಗೆ ಹಲವು ದೇಶಗಳ ಕಾರ್ಯಾಗಾರಗಳಲ್ಲಿ ಕೂಡಿಬಂದ ಅರಿವಿನ ಫಲ. ಪೇಟೆಂಟ್ ಎಂಬ ಅಂಕಿತವು ಈ ಅರಿವನ್ನು ಕೆಲವೇ ಹೆಸರುಗಳಿಗೆ ಕಟ್ಟಿಹಾಕಿತು. ಬೋರ್ಖಾರ್ಟ್, ಶ್ಮೈಸರ್, ಫೀಡೆರ್ಲೆ ಸಹೋದರರು ಅಡಿಟಿಪ್ಪಣಿಗಳಾದರು. ಬಳಸಿದ ಜನ ತಮ್ಮ ಅನುಭವದಿಂದ ಅದಕ್ಕೆ ಬೇರೆ ಹೆಸರುಗಳನ್ನಿಟ್ಟು ಆ ಅಂಕಿತವನ್ನು ಸಡಿಲಿಸಿದರು. ಅದೇ ವೇಳೆಗೆ ಸೇನೆಗಳ ಐತಿಹ್ಯಗಳು ಗುಂಡಿಗೆ ಎದುರಾದವರನ್ನು ಮನುಷ್ಯರ ಲೆಕ್ಕದಿಂದ ಹೊರಗಿಟ್ಟವು.

ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆಯ ಮುಂದೆ ನಿಂತಾಗ ಚೀಟಿಯ ಮೇಲೆ ನಮಗೆ ಸಿಗುವುದು ಮಾದರಿಯ ಹೆಸರು, ವರ್ಷ, ಗುಂಡಿನ ವ್ಯಾಸ. ಆಯುಧದ ಚರಿತ್ರೆಯನ್ನು ಅಷ್ಟಕ್ಕೇ ನಿಲ್ಲಿಸಿದರೆ ಅದು ಆಯುಧದ ಸ್ತುತಿಯಾಗುತ್ತದೆ. ಹಿಡಿಯ ಹಿಂದೆ ದುಡಿದ ಕೈ, ನಳಿಗೆಯ ಮುಂದೆ ಬಿದ್ದ ದೇಹ ಇವೆರಡನ್ನೂ ಆ ಚೀಟಿಯ ಮೇಲೆ ಬರೆಯುವ ಹೊಣೆ ಚರಿತ್ರೆಕಾರರದು. ಹೆಸರಿಲ್ಲದವರ ರಚನೆಗಳನ್ನು ಇಷ್ಟು ಕಾಲ ಸಂಗ್ರಹಿಸುತ್ತ ಬಂದಿರುವ ಜಾನಪದ ವಿದ್ವಾಂಸರು ಈ ಹೊಣೆಯಲ್ಲಿ ಪಾಲುದಾರರಾಗಬೇಕು.